ಶಂಕೆಯೂ ದಂಡನೆಯೂ

ಕೊಲ್ಲಲು ಎತ್ತಿದ ಕೈಯನ್ನು ತಡೆಯುವುದು ರಾಜ್ಯದ ಧರ್ಮ. ನಿರಪರಾಧಿಯನ್ನು ದಂಡಿಸದಿರುವುದೂ ರಾಜ್ಯದ ಧರ್ಮವೇ. ಭಯೋತ್ಪಾದನೆಯ ಸಂದರ್ಭದಲ್ಲಿ ಮಾತ್ರ ಒಂದನ್ನು ಪಾಲಿಸಹೊರಟರೆ ಇನ್ನೊಂದಕ್ಕೆ ಭಂಗ ಬರುವಂತೆ ತೋರುತ್ತದೆ. ಕೃತ್ಯ ನಡೆದ ಮೇಲೆ ದೊರೆಯುವ ಸಾಕ್ಷ್ಯದಿಂದ ಸತ್ತವರು ಮರಳಿ ಬರುವುದಿಲ್ಲ. ಕೃತ್ಯಕ್ಕೆ ಮೊದಲು ಅಧಿಕಾರಿಗಳ ಕೈಯಲ್ಲಿರುವುದು ಬಹುಮಟ್ಟಿಗೆ ಬರಿಯ ಶಂಕೆ. ಶಂಕೆಯ ಬಲದಿಂದ ಒಬ್ಬ ಪ್ರಜೆಯ ಹಕ್ಕನ್ನು ಎಷ್ಟರಮಟ್ಟಿಗೆ ತಡೆಹಿಡಿಯಬಹುದು ಎಂಬುದು ವಿಚಾರಣೀಯ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆ ತೀವ್ರವಾಗಿ ಎದ್ದಿತು. ಸಂವಿಧಾನದ ಎರಡನೆಯ ತಿದ್ದುಪಡಿಯಲ್ಲಿ ಹೇಳಿರುವ ಆಯುಧಧಾರಣೆಯು ವ್ಯಕ್ತಿಯ ಹಕ್ಕೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ತೀರ್ಪಿತ್ತಿದೆ. 2001ರ ಸೆಪ್ಟೆಂಬರ್ ದಾಳಿಯ ತರುವಾಯ ಸರ್ಕಾರವು ಶಂಕಿತ ಭಯೋತ್ಪಾದಕರ ಏಕೀಕೃತ ಪಟ್ಟಿಯನ್ನು ಸಿದ್ಧಪಡಿಸಿತು. ಅದರಲ್ಲಿ ಕೆಲವರಿಗೆ ವಿಮಾನಯಾನ ನಿಷಿದ್ಧ. ಆದರೆ ಪಟ್ಟಿಯಲ್ಲಿ ಹೆಸರಿದೆಯೆಂಬ ಒಂದೇ ಕಾರಣಕ್ಕೆ ಬಂದೂಕಿನ ಮಾರಾಟವನ್ನು ನಿಲ್ಲಿಸಲು ಕೇಂದ್ರ ಕಾನೂನಿನಲ್ಲಿ ಆಸ್ಪದವಿರಲಿಲ್ಲ. 2004ರ ಫೆಬ್ರವರಿಯಿಂದ 2015ರ ಡಿಸೆಂಬರ್‌ವರೆಗೆ ಪಟ್ಟಿಯಲ್ಲಿದ್ದವರು ಬಂದೂಕು ಅಥವಾ ಸ್ಫೋಟಕಗಳಿಗಾಗಿ 2,477 ಬಾರಿ ಪೂರ್ವಪರಿಶೀಲನೆಗೆ ಒಳಗಾದರೆಂದೂ, ಅವುಗಳಲ್ಲಿ 2,265 ಬಾರಿ ಅನುಮತಿ ದೊರೆಯಿತೆಂದೂ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನ ಕಚೇರಿ ತಿಳಿಸಿತು.

2016ರ ಜೂನ್ 12ರಂದು ಒರ್ಲಾಂಡೋ ನಗರದಲ್ಲಿ ಬಂದೂಕುಧಾರಿಯೊಬ್ಬನು 49 ಜನರನ್ನು ಕೊಂದನು. ಎಂಟು ದಿನಗಳ ಮೇಲೆ ಸೆನೆಟ್ ಸಭೆಯಲ್ಲಿ ಎರಡು ಸಲಹೆಗಳು ಎದುರುಬದುರಾದವು. ಸಮಂಜಸವಾದ ಶಂಕೆಯಿದ್ದಲ್ಲಿ ಮಾರಾಟವನ್ನು ನಿರಾಕರಿಸುವ ಅಧಿಕಾರ ಸರ್ಕಾರಕ್ಕಿರಲಿ ಎಂದು ಸೆನೆಟರ್ ಡಯಾನ್ ಫೈನ್‌ಸ್ಟೈನ್ ಸೂಚಿಸಿದರು. ಮಾರಾಟವನ್ನು 72 ಗಂಟೆ ತಡೆದು, ಅಷ್ಟರೊಳಗೆ ಸರ್ಕಾರವು ನ್ಯಾಯಾಲಯದಲ್ಲಿ ಕಾರಣ ತೋರಿಸಲಿ ಎಂದು ಸೆನೆಟರ್ ಜಾನ್ ಕಾರ್ನಿನ್ ಸೂಚಿಸಿದರು. ಬೇಕಾಗಿದ್ದ 60 ಮತಗಳು ಯಾವುದಕ್ಕೂ ಬೀಳಲಿಲ್ಲ. ಮೊದಲನೆಯದಕ್ಕೆ 47, ಎರಡನೆಯದಕ್ಕೆ 53 ಮತಗಳು ಬಂದವು. ಗಮನಾರ್ಹವಾದುದೆಂದರೆ, ಬಂದೂಕುದಾರರ ಸಂಘಟನೆಯಷ್ಟೇ ಅಲ್ಲ, ನಾಗರಿಕ ಸ್ವಾತಂತ್ರ್ಯಕ್ಕಾಗಿ ದುಡಿಯುವ ಎಸಿಎಲ್‌ಯು ಸಂಸ್ಥೆಯೂ ಇಂತಹ ಪಟ್ಟಿಯನ್ನು ಆಧಾರವಾಗಿಸಿಕೊಳ್ಳುವುದನ್ನು ಆಕ್ಷೇಪಿಸಿತ್ತು.

ಆಕ್ಷೇಪಣೆಗೆ ಆಧಾರವಿತ್ತು. ಅಧಿಕಾರಿಯೊಬ್ಬರು ನಮೂನೆಯನ್ನು ತಪ್ಪಾಗಿ ಓದಿ ಗುರುತು ಹಾಕಿದ್ದರಿಂದ ವಿದೇಶದ ಸಂಶೋಧನ ವಿದ್ಯಾರ್ಥಿನಿಯೊಬ್ಬರ ಹೆಸರು ವಿಮಾನಯಾನ ನಿಷೇಧದ ಪಟ್ಟಿಗೆ ಸೇರಿತು. 2005ರಲ್ಲಿ ವಿಮಾನ ನಿಲ್ದಾಣದಲ್ಲಿ ತಡೆಯಲ್ಪಟ್ಟ ಅವರಿಗೆ ನ್ಯಾಯಾಲಯದಿಂದ ಪರಿಹಾರ ದೊರೆತದ್ದು 2014ರಲ್ಲಿ. ಹೆಸರೇಕೆ ಸೇರಿತೆಂದು ತಿಳಿಸದೆ, ಉತ್ತರಿಸಲು ಅವಕಾಶ ಕೊಡದೆ ಇಡುವ ಪಟ್ಟಿಯು ಮರೆಯಲ್ಲಿಟ್ಟ ತೂಕದ ಕಲ್ಲಿನಂತೆ. ತೂಗುವವನು ಎಷ್ಟೇ ಪ್ರಾಮಾಣಿಕನಾಗಿರಲಿ, ಕಲ್ಲನ್ನು ಎದುರಿಗಿಟ್ಟು ತೂಗದಿದ್ದರೆ ಆ ತೂಕವನ್ನು ನಂಬುವ ಹೊಣೆ ಗಿರಾಕಿಯ ಮೇಲೆ ಬೀಳಬಾರದು. ಪಟ್ಟಿಯು ಅಪರಾಧಿಯನ್ನು ತಪ್ಪದೆ ಹಿಡಿಯುತ್ತದೆಂಬ ಭರವಸೆಯೂ ಇಲ್ಲ. ಒರ್ಲಾಂಡೋದ ಹಂತಕನ ಹೆಸರು ಒಮ್ಮೆ ಪಟ್ಟಿಗೆ ಸೇರಿ, ತನಿಖೆ ಮುಗಿದ ಮೇಲೆ ತೆಗೆಯಲ್ಪಟ್ಟಿತ್ತು.

ಹಾಗೆಂದು ಕೈಕಟ್ಟಿ ಕುಳಿತಿರುವುದು ನ್ಯಾಯವಾದೀತೆ? ಬಂದೂಕು ಸಿಗದವನಿಗೆ ಆದ ಅನ್ಯಾಯವನ್ನು ಮರುದಿನ ಸರಿಪಡಿಸಬಹುದು. ಹೋದ ಪ್ರಾಣವನ್ನು ಯಾವ ನ್ಯಾಯಾಲಯವೂ ಹಿಂದಿರುಗಿಸಲಾರದು. ಆದುದರಿಂದ ಶಂಕೆಯು ಮಾರಾಟವನ್ನು ವಿಳಂಬಗೊಳಿಸಲು ಸಾಕಷ್ಟು ಕಾರಣ. ಹಕ್ಕನ್ನು ಶಾಶ್ವತವಾಗಿ ಕಸಿಯಲು ಸಾಕಷ್ಟು ಕಾರಣವಲ್ಲ. ವಿಳಂಬಕ್ಕೆ ಅವಧಿಯಿರಬೇಕು, ಸಮರ್ಥಿಸುವ ಭಾರ ಸರ್ಕಾರದ ಮೇಲಿರಬೇಕು. 72 ಗಂಟೆಗಳಲ್ಲಿ ಸಾಕ್ಷ್ಯ ಒದಗಿಸುವುದು ಕಷ್ಟವೆಂಬ ವಾದದಲ್ಲಿ ಹುರುಳಿದೆ. ಅದಕ್ಕೆ ಪರಿಹಾರ ಅವಧಿಯನ್ನು ವಿಸ್ತರಿಸುವುದೇ ಹೊರತು ನ್ಯಾಯಾಧೀಶರನ್ನು ದೂರವಿಡುವುದಲ್ಲ.

ಇನ್ನೊಂದು ಅಂಶವೂ ಇದೆ. ಚರ್ಚೆಯೆಲ್ಲ ಕೊಳ್ಳುವವನನ್ನು ಕುರಿತೇ ನಡೆಯುತ್ತದೆ. ಶ್ರಾವಕಾಚಾರವು ಹಿಂಸೆಯ ಉಪಕರಣಗಳನ್ನು ಪರರಿಗೆ ಒದಗಿಸುವುದನ್ನು ಹಿಂಸಾದಾನವೆಂದು ಕರೆದು ಅನರ್ಥದಂಡಗಳಲ್ಲಿ ಎಣಿಸಿ, ಕೊಡುವವನ ಹೊಣೆಯನ್ನೂ ನೆನಪಿಸುತ್ತದೆ. ಅಮೆರಿಕದ 1993ರ ಬ್ರೇಡಿ ಕಾನೂನಿನಂತೆ ಮೂರು ಕೆಲಸದ ದಿನಗಳಲ್ಲಿ ಪರಿಶೀಲನೆಯ ಉತ್ತರ ಬಾರದಿದ್ದರೆ ವ್ಯಾಪಾರಿಯು ಬಂದೂಕನ್ನು ಕೊಡಬಹುದು. 2015ರ ಜೂನ್ 17ರಂದು ಚಾರ್ಲ್ಸ್‌ಟನ್ ನಗರದ ಚರ್ಚಿನಲ್ಲಿ ಒಂಬತ್ತು ಮಂದಿಯನ್ನು ಕೊಂದವನಿಗೆ ಆಯುಧ ದೊರೆತದ್ದು ಈ ದಾರಿಯಿಂದಲೇ. ಉತ್ತರ ಬರುವ ತನಕ ಕಾಯಬೇಕೆಂಬ ನಿಯಮವು ಎಲ್ಲ ಗ್ರಾಹಕರಿಗೂ ಸಮಾನವಾಗಿ ಅನ್ವಯಿಸುತ್ತದೆ. ಯಾರ ಹಣೆಗೂ ಕಳಂಕ ಹಚ್ಚುವುದಿಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ಹೊರುವ ಭಾರವು, ಕೆಲವರ ತಲೆಯ ಮೇಲೆ ಗುಟ್ಟಾಗಿ ಹೇರುವ ಭಾರಕ್ಕಿಂತ ನ್ಯಾಯಸಮ್ಮತ.

2022ರ ಕಾನೂನು 21 ವರ್ಷದೊಳಗಿನ ಗ್ರಾಹಕರ ವಿಷಯದಲ್ಲಿ ಅಗತ್ಯವಿದ್ದರೆ ಈ ಅವಧಿಯನ್ನು ಹತ್ತು ಕೆಲಸದ ದಿನಗಳವರೆಗೆ ವಿಸ್ತರಿಸಿತು. ಇನ್ನೊಬ್ಬರ ಪ್ರಾಣಕ್ಕೆ ಅಪಾಯಕಾರಿಯೆಂದು ನ್ಯಾಯಾಲಯವು ಕಂಡುಕೊಂಡವನನ್ನು ತಾತ್ಕಾಲಿಕವಾಗಿ ನಿರಾಯುಧನನ್ನಾಗಿ ಮಾಡಬಹುದೆಂದು 2024ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂಟು–ಒಂದು ಬಹುಮತದಿಂದ ಹೇಳಿತು. ಇಲ್ಲಿ ವಿಚಾರಣೆಯಿದೆ, ಅವಧಿಯಿದೆ, ಕಾರಣ ಬಹಿರಂಗವಾಗಿದೆ. ಯಾವ ನಿರ್ಬಂಧವನ್ನಾದರೂ ಬೆಂಬಲಿಸುವವರು, ನಾಳೆ ಪ್ರಮಾದದಿಂದ ತಮ್ಮ ಮಗನ ಹೆಸರೇ ಅದರಲ್ಲಿ ಸೇರಿದರೆ ಅದನ್ನು ಒಪ್ಪುವೆವೇ ಎಂದು ಕೇಳಿಕೊಳ್ಳಲಿ. ವಿರೋಧಿಸುವವರು, ನಾಳೆ ಅದಿಲ್ಲದೆ ತಮ್ಮ ಮಗನೇ ಬಲಿಯಾದರೆ ಅದೇ ಮಾತನ್ನು ಆಡುವೆವೇ ಎಂದು ಕೇಳಿಕೊಳ್ಳಲಿ. ಎರಡೂ ಪ್ರಶ್ನೆಗಳಿಗೆ ಅಂಜದೆ ಉತ್ತರಿಸಬಲ್ಲ ಕಾನೂನೇ ಧರ್ಮಕ್ಕೆ ಸಮೀಪವಾದುದು.