ಪರಸ್ಥಳದ ಅಂಗಡಿಯ ಮುಂದೆ

ಹೊಟ್ಟೆಪಾಡಿಗಾಗಿ ಪರಸ್ಥಳಕ್ಕೆ ಹೋದವನಿಗೆ ಅಲ್ಲಿಯ ಕೆಲಸವೇ ಭಾರವಾಗಿ ತೋರುವದೆಂದು ನಾವು ಸಾಧಾರಣವಾಗಿ ಎಣಿಸುತ್ತೇವೆ. ಹಾಗಲ್ಲ. ಕಲ್ಲು ಹೊರುವದಾಗಲಿ ಗಾರೆ ಕಲಸುವದಾಗಲಿ ಎಲ್ಲಾ ಊರುಗಳಲ್ಲಿಯೂ ಒಂದೇ. ಸಾಯಂಕಾಲ ಕೈಕಾಲು ತೊಳೆದುಕೊಂಡು ಉಪ್ಪು, ಎಣ್ಣೆ, ಹಿಟ್ಟು ಕೊಳ್ಳುವದಕ್ಕೆ ಅಂಗಡಿಯ ಮುಂದೆ ನಿಂತಾಗಲೇ, ತಾನು ಇಲ್ಲಿಯವನಲ್ಲವೆಂಬ ಅರಿವು ಅವನನ್ನು ಹಿಡಿಯುತ್ತದೆ. ಇಷ್ಟು ಅಲ್ಪ ಕಾರ್ಯದಲ್ಲಿ ಮನುಷ್ಯನ ಮನಸ್ಸು ಯಾಕೆ ಕುಗ್ಗಬೇಕು?

ರಾಯಚೂರು, ಕೊಪ್ಪಳ, ಬಾಗಲಕೋಟೆಗಳ ಕಡೆಯಿಂದ ಕಟ್ಟಡದ ಕೆಲಸಕ್ಕಾಗಿ ಮಂಗಳೂರಿಗೆ ಹೋಗುವವರು ಅನೇಕರುಂಟು. ರಾಜ್ಯವು ಒಂದೇ, ಬರಹವು ಒಂದೇ. ಆದರೂ ಅಲ್ಲಿ ಪೇಟೆಯ ಮಾತು ತುಳು, ಇವರ ಹೆಸರು ‘ಘಟ್ಟದವರು’. ಅಂಗಡಿಯವನು ಕನ್ನಡದಲ್ಲಿಯೇ ‘ಎಂತ ಬೇಕು?’ ಎಂದು ಕೇಳಿದರೂ, ‘ಏನ್ ಬೇಕ್ರಿ?’ ಎಂಬದನ್ನು ಕೇಳಿ ಬೆಳೆದ ಕಿವಿಗೆ ಆ ‘ರೀ’ ಇಲ್ಲದಿರುವದೇ ಚುಚ್ಚುತ್ತದೆ. ಅಂಗಡಿಯವನಾದರೋ ಯಾವ ಅವಮರ್ಯಾದೆಯನ್ನೂ ಮನಸ್ಸಿನಲ್ಲಿ ಇಟ್ಟವನಲ್ಲ. ಮೆಣಸು ಕೇಳಿದರೆ ಒಣಮೆಣಸಿನಕಾಯಿ ಕಟ್ಟಿ ಕೊಡುತ್ತಾನೆ. ಯಾಕಂದರೆ ಕರಾವಳಿಯಲ್ಲಿ ಮೆಣಸೆಂದರೆ ಅದೇ, ಕರಿಮೆಣಸಿಗೆ ‘ಒಳ್ಳೆಮೆಣಸು’ ಎಂದು ಹೆಸರು. ಇದರಲ್ಲೊಂದು ವಿನೋದವುಂಟು. ಒಳ್ಳೆಮೆಣಸು ಇದೇ ಘಟ್ಟಗಳ ಬಳ್ಳಿಯಲ್ಲಿ ಬೆಳೆದದ್ದು. ಮೆಣಸಿನಕಾಯಿಯ ಗಿಡವೋ ಅಮೇರಿಕದಿಂದ ಪೋರ್ಚುಗೀಸರ ಮೂಲಕ ಬಂದ ಪರದೇಶಿ. ಬಂದವನು ಹೆಸರನ್ನೇ ಎತ್ತಿಕೊಂಡನು, ಮನೆಯವನು ವಿಶೇಷಣವೊಂದನ್ನು ಹಚ್ಚಿಕೊಂಡು ಇರಬೇಕಾಯಿತು!

ಹಿಂದೆ ತೂಕದ ತೊಡಕೂ ಇತ್ತು. ಮಂಗಳೂರು ಮದ್ರಾಸು ಪ್ರಾಂತದಲ್ಲಿಯೂ ಧಾರವಾಡ ಮುಂಬಯಿ ಪ್ರಾಂತದಲ್ಲಿಯೂ ಇದ್ದ ಕಾಲದಲ್ಲಿ ಸೇರೆಂಬ ಒಂದೇ ಹೆಸರಿಗೆ ತೂಕಗಳು ಬೇರೆ ಬೇರೆ. ಮದ್ರಾಸಿನ ಸೇರಿಗೆ 24 ತೊಲ, ಸರಕಾರದ ಸೇರಿಗೆ 80 ತೊಲ. 1956ರಲ್ಲಿ ನಾಡು ಒಂದಾಯಿತು, ತೂಕದ ಕಾಯಿದೆಯೂ ಆಯಿತು. 1958ರಿಂದ ಕಿಲೋಗ್ರಾಮು ಮೆಲ್ಲಮೆಲ್ಲನೆ ಎಲ್ಲೆಡೆ ನೆಲೆಗೊಂಡಿತು. ಯಾಜಕಕಾಂಡದ 19ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಪರದೇಶಿಯ ವಿಷಯವಾದ ವಿಧಿಯ ಬೆನ್ನಿಗೇ ತಕ್ಕಡಿಯ ವಿಧಿ ಬರುತ್ತದೆ. ಆದರೆ ಆ ಶಾಸ್ತ್ರವು ಸರಿಯಾದ ತೂಕದಲ್ಲಿಯೇ ನಿಲ್ಲದೆ, ಅವನನ್ನು ಸ್ವದೇಶದವನಂತೆ ಪ್ರೀತಿಸಬೇಕೆಂದೂ ಕೇಳುತ್ತದೆ. ತಕ್ಕಡಿಯನ್ನು ಪರೀಕ್ಷಿಸುವ ಅಧಿಕಾರಿಗಳಿದ್ದಾರೆ. ಇದನ್ನು ಪರೀಕ್ಷಿಸುವವರು ಯಾರು?

ಸ್ವಂತ ಊರಿನಲ್ಲಿ ಬಾಯಿ ತೆರೆಯುವದಕ್ಕೆ ಮುಂಚೆಯೇ ನಮ್ಮನ್ನು ಬಲ್ಲರು. ಯಾರ ಮಗ, ಉದ್ರಿ ಎಷ್ಟು, ಮನೆಯಲ್ಲಿ ಯಾರಿಗೆ ಜ್ವರ, ಎಲ್ಲವೂ ಅಂಗಡಿಯವನಿಗೆ ಗೊತ್ತು. ಪರಸ್ಥಳದಲ್ಲಿ ಇಲ್ಲದ್ದು ಇದೇ. ಆದರೆ ನಾವು ಈ ಪರಿಚಯವನ್ನು ಬರೇ ಸುಖವೆಂದು ಹೊಗಳಲಾರೆವು. ನಮ್ಮ ಸಭೆಗಳಲ್ಲಿ ಅನೇಕರ ಅಜ್ಜಂದಿರನ್ನು ಊರು ಚೆನ್ನಾಗಿ ಬಲ್ಲದ್ದರಿಂದಲೇ ಅವರು ದೂರ ನಿಲ್ಲಬೇಕಾಯಿತು. ಕಾಸನ್ನು ನೆಲದ ಮೇಲೆ ಇಟ್ಟು, ಮೇಲಿನಿಂದ ಸುರಿದ ಉಪ್ಪನ್ನು ಸೆರಗಿನಲ್ಲೋ ವಸ್ತ್ರದಲ್ಲೋ ಹಿಡಿಯಬೇಕಾಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಜಾತಿಯ ಕಾರಣದಿಂದ ಯಾರನ್ನೂ ಅಂಗಡಿಯಿಂದ ತಡೆಯಬಾರದೆಂದು ಹೆಸರು ಹೇಳಿಯೇ ವಿಧಿಸಿತು. ಅಂಥಾ ಅಜ್ಜನ ಮೊಮ್ಮಗನು ಮಂಗಳೂರಿನ ಅಂಗಡಿಯ ಮುಂದೆ ನಿಂತರೆ ಅವನು ಯಾರ ಮಗನೆಂದು ಯಾರಿಗೂ ತಿಳಿಯದು. ಪೊಟ್ಟಣವು ನೆಟ್ಟಗೆ ಅವನ ಕೈಗೇ ಬರುತ್ತದೆ. ಅವನಿಗೆ ಒಂಟಿತನದ ಕಳವಳವೂ ಉಂಟು, ಭಾರ ಇಳಿದ ನೆಮ್ಮದಿಯೂ ಉಂಟು. ಊರಿಗೆ ಫೋನು ಮಾಡುವಾಗ ಮೊದಲನೆಯದನ್ನು ಹೇಳುತ್ತಾನೆ. ಎರಡನೆಯದನ್ನು ತನ್ನೊಳಗೇ ಇಟ್ಟುಕೊಳ್ಳುತ್ತಾನೆ.

ಅರಿಯದವರು ಕೊಡುವ ನ್ಯಾಯ, ಅರಿತವರು ತೋರಿಸುವ ಅಕ್ಕರೆ, ಇವೆರಡೂ ಒಂದೇ ಅಂಗಡಿಯಲ್ಲಿ ಯಾಕೆ ದೊರೆಯಬಾರದು? ಕಠಿಣವಾದ ಪ್ರಶ್ನೆ. ಮಂಗಳೂರಿನವರನ್ನು ಕೇಳುವದಕ್ಕಿಂತ ನಮ್ಮ ಊರುಗಳಲ್ಲಿ ಕೇಳುವದು ಯುಕ್ತವೆಂದು ನಮಗೆ ತೋರುತ್ತದೆ. ಸುಗ್ಗಿಯ ತಿಂಗಳುಗಳಲ್ಲಿ ಕಬ್ಬು ಕಡಿಯುವದಕ್ಕೆ ಮಹಾರಾಷ್ಟ್ರದ ಬೀಡದ ಕಡೆಯವರು ಬೆಳಗಾವಿ ಸೀಮೆಗೆ ಬಂದು ಹೊಲದ ಬದಿಯಲ್ಲಿ ಗುಡಿಸಲು ಹಾಕಿಕೊಳ್ಳುತ್ತಾರೆ. ಕತ್ತಲಾಗುವಾಗ ಅವರ ಹೆಂಗಸರು ನಮ್ಮ ಅಂಗಡಿಗಳಿಗೆ ಬಂದು ಮರಾಠಿಯಲ್ಲಿ ಎಣ್ಣೆ ಕೇಳುತ್ತಾರೆ. ಕಟ್ಟೆಯ ಮೇಲೆ ಕೂತವರು ಆ ಮಾತನ್ನು ಅಣಕಿಸಿ ನಗುವದುಂಟು. ಮಂಗಳೂರಿನಿಂದ ಹಬ್ಬಕ್ಕೆ ಬಂದವರೂ ಆ ನಗುವವರಲ್ಲಿ ಇರುತ್ತಾರೆ.