ವೇಷದ ಚಾವಟಿ

ಚಲಚ್ಚಿತ್ರದ ಸಾಹಸವೀರನ ವೇಷವನ್ನು ತಾನೂ ಕಟ್ಟಬೇಕೆಂಬ ಆಸೆ ಹುಟ್ಟಿದವನು ಮೊದಲು ಟೊಪ್ಪಿಗೆಯನ್ನು ಅರಸುತ್ತಾನೆ; ಕಟ್ಟಕಡೆಗೆ ಚಾವಟಿಯ ಬಳಿಗೆ ಬರುತ್ತಾನೆ. ಇಂತಹ ವೇಷಗಳಲ್ಲಿ ಲೋಕಪ್ರಸಿದ್ಧವಾದುದು ಇಂಡಿಯಾನಾ ಜೋನ್ಸ್ ಎಂಬ ಪುರಾತತ್ತ್ವಜ್ಞನದು. 1981ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಅವರು ನಿರ್ದೇಶಿಸಿದ 'ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್' ಚಿತ್ರದಲ್ಲಿ ಹ್ಯಾರಿಸನ್ ಫೋರ್ಡ್ ಅವರು ಆ ಪಾತ್ರವನ್ನು ಮೊದಲು ಧರಿಸಿದರು. ಕಂದು ಬಣ್ಣದ ಟೊಪ್ಪಿಗೆ, ಹಳೆಯ ತೊಗಲಿನ ಅಂಗಿ, ಹೆಗಲಿನಿಂದ ಇಳಿಬಿದ್ದ ಚೀಲ, ಸೊಂಟದ ಪಕ್ಕದಲ್ಲಿ ಸುರುಳಿ ಸುತ್ತಿಕೊಂಡ ಚಾವಟಿ. ಇಷ್ಟಾದರೆ ದೂರದಿಂದಲೇ ಗುರುತು ಹತ್ತುವುದು. ಟೊಪ್ಪಿಗೆ ತಲೆಗೆ ನೆರಳು, ಅಂಗಿ ಮೈಗೆ ಮರೆ. ಚಾವಟಿಯು ಮಾತ್ರ ಧರಿಸಿದವನಿಗಾಗಿ ಇರುವ ವಸ್ತುವಲ್ಲ. ಅದು ಎದುರಿಗೆ ನಿಂತವನಿಗಾಗಿ ಇರುವುದು. ಮತ್ತೊಂದು ಜೀವವನ್ನು ನೋಯಿಸಲು ಅಥವಾ ಹೆದರಿಸಲು ಹುಟ್ಟಿದ ಸಾಧನವನ್ನು ಒಡವೆಯಂತೆ ತೊಟ್ಟು ತಿರುಗುವುದು ಯುಕ್ತವೇ ಎಂಬ ಪ್ರಶ್ನೆ ಇಲ್ಲಿಂದ ಏಳುತ್ತದೆ.

ಚೀಲವನ್ನು ನೋಡಿ ಇದನ್ನು ಅಲ್ಲಗಳೆಯುವವರುಂಟು. ಆ ಚೀಲವು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನಿಕರು ವಿಷವಾಯುವಿನ ಮುಖವಾಡವನ್ನು ಇಟ್ಟುಕೊಳ್ಳುತ್ತಿದ್ದ ಚೀಲ. (ಕಥೆ ನಡೆಯುವುದು 1936ರಲ್ಲಿ, ಚೀಲವು ಕಥೆಗಿಂತ ಕಿರಿಯದು. ವೇಷದ ಅಭಿಮಾನಿಗಳು ಈ ಕಾಲದೋಷವನ್ನೂ ಭಕ್ತಿಯಿಂದ ಕಾಪಾಡಿಕೊಂಡು ಬಂದಿದ್ದಾರೆ.) ಅದನ್ನು ಕಂಡು ಈಗ ಯಾರೂ ವಿಷವಾಯುವನ್ನು ನೆನೆಯುವುದಿಲ್ಲ, ಹಾಗೆಯೇ ಚಾವಟಿಯೂ ತನ್ನ ಹಿಂದಣ ಕಥೆಯನ್ನು ಮರೆತೀತು ಎಂಬುದು ಅವರ ವಾದ. ಆದರೆ ಚೀಲವು ಉಸಿರನ್ನು ಉಳಿಸುವ ವಸ್ತುವನ್ನು ಹೊತ್ತದ್ದು. ಅದನ್ನು ಹೆಗಲಿಗೆ ಹಾಕಿದವನೇ ಭಯಪಡಬೇಕಾಗಿದ್ದವನು. ಎರಡಕ್ಕೂ ಒಂದೇ ನ್ಯಾಯ ಸಲ್ಲದು.

ವಸ್ತುವನ್ನೇ ಮೊದಲು ನೋಡಬೇಕು. ನಮ್ಮ ರೈತರ ಬಾರುಕೋಲಿನಲ್ಲಿ ಕೋಲೇ ಪ್ರಧಾನ, ಬಾರು ಅದರ ಬಾಲ. ಅಮೆರಿಕಾದ ದನಗಾಹಿಗಳ ಚಾವಟಿಯಲ್ಲಿ ಹಿಡಿಯು ಒಂದು ಗೇಣಿನಷ್ಟು. ಉಳಿದ ಎಂಟು ಹತ್ತು ಅಡಿಗಳೆಲ್ಲ ಹೆಣೆದ ತೊಗಲು. ಮೊದಲ ಮೂರು ಚಿತ್ರಗಳಿಗೆ ಚಾವಟಿಗಳನ್ನು ಮಾಡಿಕೊಟ್ಟವರು ವಾಷಿಂಗ್ಟನ್ ರಾಜ್ಯದ ಡೇವಿಡ್ ಮಾರ್ಗನ್ ಎಂಬ ಕುಶಲಿಗರು. ಕಾಂಗರೂವಿನ ಚರ್ಮವನ್ನು ಸಣ್ಣ ಎಳೆಗಳಾಗಿ ಸೀಳಿ ಹನ್ನೆರಡೆಳೆಯಾಗಿ ಹೆಣೆಯುವರು. ಆ ಚರ್ಮವು ತೆಳುವಾಗಿದ್ದರೂ ಬಹಳ ಗಟ್ಟಿ. ಹೆಣಿಗೆಯು ಮುಂದುವರಿದಂತೆ ಎಳೆಗಳನ್ನು ಒಂದೊಂದಾಗಿ ಒಳಗೆ ಬಿಡುತ್ತಾ ಬಾರನ್ನು ಸಪುರ ಮಾಡುವರು. ಅದರ ತುದಿಗೆ ಒಂಟಿ ತೊಗಲಿನ ಪಟ್ಟಿ, ಪಟ್ಟಿಯ ತುದಿಗೆ ನೂಲಿನ ಕುಚ್ಚು. ಕೈಯ ಒಂದು ಬೀಸಿನಿಂದ ಹುಟ್ಟಿದ ಬಳಕು ಸಪುರವಾಗುತ್ತಿರುವ ಬಾರಿನಲ್ಲಿ ಓಡುತ್ತಾ ವೇಗವನ್ನು ಕೂಡಿಸಿಕೊಂಡು, ಕೊನೆಗೆ ಶಬ್ದದ ವೇಗವನ್ನು, ಎಂದರೆ ಸೆಕೆಂಡಿಗೆ ಸುಮಾರು 340 ಮೀಟರನ್ನು, ದಾಟುತ್ತದೆ. ಚಟಾರೆಂಬ ಸದ್ದು ತೊಗಲು ಯಾವುದಕ್ಕೋ ತಾಗಿದ್ದರಿಂದ ಬಂದದ್ದಲ್ಲ, ಗಾಳಿಯೇ ಸಿಡಿದದ್ದು. ಆ ಸಿಡಿತಕ್ಕೆ ಕಾರಣ ಕುಚ್ಚಿನ ತುದಿಯೆಂದು ಬಹುಕಾಲ ತಿಳಿದಿದ್ದರು. ಬಾರಿನಲ್ಲಿ ಓಡುವ ಕುಣಿಕೆಯೇ ಕಾರಣವೆಂದು ಅರಿಜೋನಾ ವಿಶ್ವವಿದ್ಯಾನಿಲಯದ ಗಣಿತಜ್ಞರು 2002ರಲ್ಲಿ ತೋರಿಸಿದರು.

ಚಾವಟಿಯ ಪಕ್ಷವನ್ನು ವಹಿಸುವವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಬಲ್ಲ ದನಗಾಹಿಯು ದನವನ್ನು ಹೊಡೆಯುವುದಿಲ್ಲ. ಅದರ ಪಕ್ಕದ ಗಾಳಿಯನ್ನು ಹೊಡೆಯುತ್ತಾನೆ. ಚಾವಟಿಯು ಉದ್ದವಾದ ಕೈಯಲ್ಲ, ದೂರಕ್ಕೆ ಕೇಳುವ ದನಿ ಎಂಬುದು ಅವರ ಮಾತು. ಮಾತು ಸುಂದರವಾಗಿದೆ, ದನಗಳ ಮಟ್ಟಿಗೆ ಬಹುಪಾಲು ನಿಜವೂ ಇರಬಹುದು. ಮನುಷ್ಯರ ಮಟ್ಟಿಗೆ ಅದು ನಿಜವಲ್ಲ. 1863ರಲ್ಲಿ ಲೂಯಿಸಿಯಾನಾದಲ್ಲಿ, ಒಡೆಯನಿಂದ ತಪ್ಪಿಸಿಕೊಂಡು ಬಂದ ನೀಗ್ರೋ ಗುಲಾಮನೊಬ್ಬನ ಬೆನ್ನಿನ ಛಾಯಾಚಿತ್ರವನ್ನು ತೆಗೆದರು. ಬೇರುಗಳಂತೆ ಹೆಣೆದುಕೊಂಡು ಉಬ್ಬಿನಿಂತ ಬಾಸುಂಡೆಯ ಕಲೆಗಳನ್ನು ಅದರಲ್ಲಿ ನೋಡಿದವನಿಗೆ 'ಗಾಳಿಯನ್ನು ಹೊಡೆಯುವುದು' ಎಂಬ ಮಾತು ನಾಲಗೆಯ ಮೇಲೆ ಬಾರದು. ಈ ನೆನಪು ಪರದೇಶಕ್ಕೇ ಸೇರಿದ್ದೆಂದು ನಾವೂ ಸುಮ್ಮನಿರುವಂತಿಲ್ಲ. ಭಾರತದಲ್ಲಿ 1864ರಲ್ಲಿ ಕಳವು ಮೊದಲಾದ ಅಪರಾಧಗಳಿಗೆ ಛಡಿಯೇಟನ್ನು ವಿಧಿಸುವ ಕಾಯಿದೆ ಬಂದಿತು. 1909ರಲ್ಲಿ ಅದು ಹೊಸದಾಗಿ ರಚಿತವಾಯಿತು. ಸ್ವಾತಂತ್ರ್ಯ ಬಂದ ಮೇಲೂ ಎಂಟು ವರ್ಷ ಉಳಿದು 1955ರಲ್ಲಿ ರದ್ದಾಯಿತು. ಇಲ್ಲಿ ಸಾಧನವು ಬೆತ್ತ, ಅಲ್ಲಿ ತೊಗಲು, ಅವಮಾನ ಒಂದೇ.

ಆಶ್ಚರ್ಯವೇನೆಂದರೆ, ಈ ಮಾತನ್ನು ಆ ಚಿತ್ರಮಾಲೆಯೇ ತಿಳಿದೋ ತಿಳಿಯದೆಯೋ ಆಡಿಬಿಟ್ಟಿದೆ. 1984ರ 'ಟೆಂಪಲ್ ಆಫ್ ಡೂಮ್' ಚಿತ್ರದ ಕಥೆ ನಡೆಯುವುದು ಭಾರತದಲ್ಲಿ. ಚಿತ್ರಕಥೆಯ ವಿಷಯದಲ್ಲಿ ಭಾರತ ಸರ್ಕಾರಕ್ಕೂ ಚಿತ್ರ ತೆಗೆಯುವವರಿಗೂ ಹೊಂದಿಕೆಯಾಗದೆ ಅವರು ಸಿಂಹಳಕ್ಕೆ ಹೋದರು. ಸಿದ್ಧವಾದ ಮೇಲೆ ಚಿತ್ರವು ಇಲ್ಲಿ ಕೆಲಕಾಲ ನಿಷಿದ್ಧವೂ ಆಗಿತ್ತು. ನಮ್ಮ ಅಮರೀಶ್ ಪುರಿಯವರು ಅದರಲ್ಲಿ ಕ್ರೂರ ಪೂಜಾರಿಯಾಗಿ ಬರುತ್ತಾರೆ. ನಮ್ಮ ದೇಶವನ್ನು ಅದು ಚಿತ್ರಿಸಿದ ರೀತಿಯ ಮೇಲೆ ಬಂದ ಆಕ್ಷೇಪಗಳು ನ್ಯಾಯವಾದವೇ. ಇಲ್ಲಿ ಅದು ಪ್ರಕೃತವಲ್ಲ. ಅದರಲ್ಲಿ ಹಳ್ಳಿಯ ಮಕ್ಕಳನ್ನು ಅಪಹರಿಸಿ ಗಣಿಯಲ್ಲಿ ದುಡಿಸುತ್ತಾರೆ. ಕಾವಲುಗಾರರ ಕೈಯಲ್ಲಿ ಚಾವಟಿ, ಮಕ್ಕಳ ಬೆನ್ನಿನ ಮೇಲೆ ಏಟು. ಅವರನ್ನು ಬಿಡಿಸಲು ಬಂದವನ ಸೊಂಟದಲ್ಲಿಯೂ ಚಾವಟಿ! ಮಕ್ಕಳು ಮನೆ ಸೇರಿದ ಮೇಲೆ ಕಡೆಯ ದೃಶ್ಯದಲ್ಲಿ, ಸಿಟ್ಟಿನಿಂದ ಹೊರಟುಹೋಗುತ್ತಿರುವ ನಾಯಿಕೆಯ ನಡುವಿಗೆ ನಾಯಕನು ಅದನ್ನೇ ಬೀಸಿ ಸುತ್ತಿಸಿ ತನ್ನ ಬಳಿಗೆ ಎಳೆದುಕೊಳ್ಳುತ್ತಾನೆ. ನೋಡುವವರು ನಗುತ್ತಾರೆ. ಆ ಮಕ್ಕಳು ಅದನ್ನು ಹೇಗೆ ನೋಡಿಯಾರು ಎಂದು ಯಾರೂ ಕೇಳುವುದಿಲ್ಲ.

ಚಾವಟಿಯು ಯಾರ ಕೈಯಲ್ಲಿದೆ, ಯಾರ ಕಡೆಗೆ ತಿರುಗಿದೆ ಎಂಬುದರ ಮೇಲೆ ಅದರ ಧರ್ಮಾಧರ್ಮ ನಿಂತಿದೆ ಎನ್ನಬಹುದಲ್ಲವೇ? ಇದಕ್ಕೆ ನಮ್ಮ ದೇಶದಲ್ಲಿಯೇ ಹಿರಿಯ ಉದಾಹರಣೆಯಿದೆ. 1935ರಲ್ಲಿ ಮುಂಬಯಿಯ ವಾಡಿಯಾ ಮೂವಿಟೋನ್ ಸಂಸ್ಥೆಯು 'ಹಂಟರ್‌ವಾಲಿ' ಎಂಬ ವಾಕ್ಚಿತ್ರವನ್ನು ಹೊರತಂದಿತು. ನಿರ್ದೇಶಕರು ಹೋಮಿ ವಾಡಿಯಾ. ಹಂಟರ್ ಎಂದರೆ ಹಿಂದೂಸ್ಥಾನಿಯಲ್ಲಿ ಚಾವಟಿ. ಆಸ್ಟ್ರೇಲಿಯದಲ್ಲಿ ಹುಟ್ಟಿ ಇಲ್ಲಿ ನಾದಿಯಾ ಎಂಬ ಹೆಸರಿನಿಂದ ಖ್ಯಾತಿಗೊಂಡ ನಟಿಯು ಮುಖವಾಡ ತೊಟ್ಟ ರಾಜಕುಮಾರಿಯಾಗಿ, ಬಡವರನ್ನು ಪೀಡಿಸುವವರ ಮೇಲೆ ಅದನ್ನು ಬೀಸಿದಳು. ಪರರ ಆಳ್ವಿಕೆಯಲ್ಲಿ ಏಟು ತಿನ್ನುತ್ತಿದ್ದ ಜನಕ್ಕೆ ಚಾವಟಿಯು ಒಮ್ಮೆಯಾದರೂ ತಿರುಗಿ ಬೀಸಿದ್ದನ್ನು ಕಂಡು ಹಿಗ್ಗಾಗಿದ್ದರೆ ತಪ್ಪೆಣಿಸಲಾಗದು. ಆದರೂ ಈ ಸಮಾಧಾನ ಪೂರ್ತಿ ಒಪ್ಪುವಂತಹುದಲ್ಲ. ದುಷ್ಟನ ಬೆನ್ನೂ ಬೆನ್ನೇ. ಏಟು ಯಾರಿಗೆ ಬಿದ್ದಿತೆಂಬ ವಿವೇಕಕ್ಕಿಂತ, ಏಟು ಬಿದ್ದಿತೆಂಬ ಹಿಗ್ಗೇ ನೋಡುವವನಲ್ಲಿ ಮೊದಲು ಏಳುತ್ತದೆ. ವಿವೇಕವು ಆಮೇಲೆ ಬಂದು ಅದಕ್ಕೆ ಕಾರಣ ಒದಗಿಸುತ್ತದೆ.

ದೇವಿಯ ಪೆಟ್ಟಿಗೆಯನ್ನು ಹೊತ್ತು ಊರೂರಿಗೆ ಬರುವ ದುರುಗಮುರುಗಿಯವರನ್ನು ಕನ್ನಡನಾಡಿನಲ್ಲಿ ಕಾಣದವರಿಲ್ಲ. ಹೆಂಗಸು ವಾದ್ಯ ನುಡಿಸುತ್ತಿರುವಾಗ ಗಂಡಸು ಚಾಟಿಯನ್ನು ಬೀಸಿ ತನ್ನ ಮೈಗೆ ತಾನೇ ಹೊಡೆದುಕೊಳ್ಳುತ್ತಾನೆ. ಬೀದಿಯ ಮಕ್ಕಳು ಬೆಚ್ಚಿಬಿದ್ದು ನೋಡುತ್ತಾರೆ. ಅದೂ ಒಂದು ವೇಷವೇ, ಹೊಟ್ಟೆಪಾಡಿನದು. ಅಲ್ಲಿ ಬೀಸುವವನೂ ಏಟು ತಿನ್ನುವವನೂ ಒಬ್ಬನೇ ಆದ್ದರಿಂದ ನೋಡುವವರಿಗೆ ಅಂಜಿಕೆಯಾದೀತು, ಕನಿಕರವಾದೀತು, ಅವಮಾನವಾಗದು.

ಇಷ್ಟನ್ನು ಯೋಚಿಸಿದ ಮೇಲೂ ವೇಷ ಕಟ್ಟುವವನು ಚಾವಟಿಯನ್ನು ಬಿಡಲಾರನು. ಬಿಡಲೇಬೇಕೆಂದು ಹೇಳುವುದೂ ಕಠೋರವಾದೀತು. ಚಾವಟಿಯಿಲ್ಲದೆ ಆ ಪಾತ್ರವಿಲ್ಲ. ಹಾಗಾದರೆ ಎಂತಹುದನ್ನು ಆರಿಸಬೇಕು? ಹತ್ತು ಅಡಿಯದು ಚಿತ್ರಕ್ಕೆ ನಿಷ್ಠ. ಆದರೆ ಸೊಂಟದಲ್ಲಿ ಅದರ ಸುರುಳಿ ದಪ್ಪ, ಕೈಗೆ ಭಾರ. ಹೊಸಬನಿಗೆ ಎಂಟು ಅಡಿಯೇ ಸಾಕು. ತೊಗಲಿನ ವಿಷಯದಲ್ಲಿ ಇನ್ನೊಂದು ಜೀವದ ಲೆಕ್ಕವೂ ಸೇರುತ್ತದೆ. ಕಾಂಗರೂ ಸಾಕುಪ್ರಾಣಿಯಲ್ಲ, ಕಾಡಿನಲ್ಲಿ ಗುಂಡಿಟ್ಟು ಕೊಂದು ಅದರ ಚರ್ಮವನ್ನು ತೆಗೆಯುತ್ತಾರೆ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಅದರ ಚರ್ಮದ ವಸ್ತುಗಳನ್ನು ಮಾರುವುದು ಕಾಯಿದೆಗೆ ವಿರುದ್ಧ. ವೇಷಧಾರಿಗಳು ಪ್ರತಿವರ್ಷ ನೆರೆಯುವ ಪ್ರಸಿದ್ಧ ಸಂತೆಯೊಂದು ಸೇರುವುದು ಅದೇ ರಾಜ್ಯದ ಸ್ಯಾನ್ ಡಿಯೇಗೊ ಪಟ್ಟಣದಲ್ಲಿ. ನೈಲಾನ್ ಹುರಿಯಿಂದ ಹೆಣೆದದ್ದು ಅಗ್ಗ, ಮಳೆಗೆ ಕೆಡದು, ಯಾವ ಪ್ರಾಣಿಯನ್ನೂ ಬೇಡದು. ಹತ್ತಿರದಿಂದ ನೋಡಿದವರು ಮೂಗು ಮುರಿದಾರು. ಮುರಿಯಲಿ.

ಬೀಸಲು ಬಾರದ ಬೆಂಡಿನ ಚಾವಟಿಯೇ ನಿರ್ದೋಷವೆಂದು ಕೆಲವರೆನ್ನುವರು. ಗುಂಪಿನ ನಡುವೆ ಅದೇ ಮೇಲು ನಿಜ. ಆದರೆ ಹುಸಿ ಚಾವಟಿಯನ್ನು ಹಿಡಿದವನು ಅದನ್ನು ಬೀಸುವ ಅಭಿನಯಕ್ಕೆ ಬಹು ಬೇಗ ಇಳಿಯುತ್ತಾನೆ. ನಿಜವಾದ ಭಾರ ಸೊಂಟದಲ್ಲಿದ್ದರೆ ಕೈ ತಾನಾಗಿ ಅಂಕೆಯಲ್ಲಿರುವುದುಂಟು. ವೇಷಧಾರಿಗಳ ಕೂಟಗಳಲ್ಲಿ ಬೀಸಕೂಡದು, ಸುರುಳಿಯನ್ನು ಬಿಚ್ಚಕೂಡದು, ಪಟ್ಟಿಯಿಂದ ಬಿಗಿದಿರಬೇಕು ಎಂಬ ನಿಯಮಗಳನ್ನು ಸಾಮಾನ್ಯವಾಗಿ ಇಡುತ್ತಾರೆ. ಇದನ್ನು ಕಿರುಕುಳವೆಂದು ಗೊಣಗುವವರಿದ್ದಾರೆ. ಪಕ್ಕದಲ್ಲಿ ನಿಂತವನಿಗೆ ಇವನ ಕೈಚಳಕ ತಿಳಿಯದು. ಅವನ ಮುತ್ತಜ್ಜನ ಬೆನ್ನಿನ ಕಥೆ ಇವನಿಗೆ ತಿಳಿಯದು. ಇಬ್ಬರಿಗೂ ತಿಳಿಯದಿರುವಲ್ಲಿ ಒಂದು ಪಟ್ಟಿಯ ಬಿಗಿತವು ದೊಡ್ಡ ತ್ಯಾಗವೇನಲ್ಲ.

ಸದ್ದು ಕೇಳಲೇಬೇಕೆನ್ನುವವನು ಬಯಲಿಗೆ ಹೋಗಬೇಕು. ಬಾರಿನ ಉದ್ದಕ್ಕಿಂತ ಬಹು ದೂರದವರೆಗೆ ಸುತ್ತಲೂ ಯಾರೂ ಇರಬಾರದು. 1989ರ 'ಲಾಸ್ಟ್ ಕ್ರುಸೇಡ್' ಚಿತ್ರದಲ್ಲಿ, ಸರ್ಕಸ್ಸಿನ ರೈಲಿನಲ್ಲಿ ಸಿಂಹದೆದುರು ಸಿಕ್ಕಿಬಿದ್ದ ಹುಡುಗ ಜೋನ್ಸನು ಚಾವಟಿಯನ್ನು ಮೊದಲ ಬಾರಿಗೆ ಬೀಸಿದಾಗ ಗಾಯವಾಗುವುದು ಸಿಂಹಕ್ಕಲ್ಲ, ಅವನದೇ ಗಲ್ಲಕ್ಕೆ. ಕಲಿಯುವವರೆಲ್ಲರ ಅನುಭವವೂ ಬಹುಮಟ್ಟಿಗೆ ಹೀಗೆಯೇ: ಮೊದಲ ಏಟುಗಳು ತಮ್ಮ ಕಿವಿಗೆ, ತೋಳಿಗೆ, ಬೆನ್ನಿಗೆ. ಆದುದರಿಂದ ಬಲ್ಲವರು ಹೊಸಬರಿಗೆ ಕನ್ನಡಕವನ್ನೂ ಉದ್ದ ತೋಳಿನ ದಪ್ಪ ಅಂಗಿಯನ್ನೂ ಅಗಲ ಅಂಚಿನ ಟೊಪ್ಪಿಗೆಯನ್ನೂ ಹೇಳುತ್ತಾರೆ. ಅಂಗಿಯೂ ಟೊಪ್ಪಿಗೆಯೂ ವೇಷದವನ ಬಳಿ ಆಗಲೇ ಇರುತ್ತವೆ, ಕನ್ನಡಕವೊಂದನ್ನು ಕೊಂಡುಕೊಳ್ಳಬೇಕು.