ಬೀಗದ ಕೈ ಕೊಡುವಾಗ ಏನು ಬಿಟ್ಟು ಬರುತ್ತೀರಿ?

ಭಾನುವಾರದ ಆರಾಧನೆಯ ಸಂದೇಶ
ವಾಕ್ಯಭಾಗ: ಆದಿಕಾಂಡ 23:17-18, 31:34, 45:20

ಹಿಂದೆ ಕೂತಿರೋ ಯೌವನಸ್ಥರು ಸ್ವಲ್ಪ ಮುಂದೆ ಬನ್ನಿ, ಇವತ್ತಿನ ಮಾತು ಹೆಚ್ಚಾಗಿ ನಿಮಗೇ.

ನಮ್ಮ ಸಭೆಯಲ್ಲಿ ಎಷ್ಟೋ ಜನರ ಊರು ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆಯೇ. ಕೆಲಸ ಬೆಂಗಳೂರಲ್ಲಿ, ಮನೆ ಊರಲ್ಲಿ. ಅಪ್ಪ ಅಮ್ಮ ಇರೋವರೆಗೂ ಹಬ್ಬಕ್ಕೋ ರಜಕ್ಕೋ ಹೋಗ್ತೀವಿ. ಅವರು ಕರ್ತನಲ್ಲಿ ನಿದ್ರೆಹೋದ ಮೇಲೆ ಮನೆಗೆ ಬೀಗ ಬೀಳುತ್ತೆ. ಆಮೇಲೆ ಒಂದಿನ ನನ್ನ ಹತ್ತಿರ ಬಂದು, "ಪಾಸ್ಟರ್, ಊರಿನ ಮನೆ ಮಾರ್ತಾ ಇದ್ದೀವಿ, ಒಳ್ಳೇ ರೇಟ್ ಬರಲಿ ಅಂತ ಪ್ರಾರ್ಥನೆ ಮಾಡಿ" ಅಂತೀರಿ. ಮಾಡ್ತೀನಿ. ಆದರೆ ನಾನೂ ಒಂದು ಪ್ರಶ್ನೆ ಕೇಳ್ತೀನಿ: ಆ ಮನೆಯಲ್ಲಿ ಏನೇನು ಬಿಟ್ಟು ಬರ್ತೀರಿ? ನಗಬೇಡಿ. ಈ ಪ್ರಶ್ನೆಯಲ್ಲಿ ನಾನು ಸೋತಿದ್ದೀನಿ. ಅದನ್ನೇ ಇವತ್ತು ಹೇಳಬೇಕು ಅಂತ ಪವಿತ್ರಾತ್ಮನು ನನ್ನನ್ನು ಒತ್ತಾಯ ಮಾಡಿದ್ದಾನೆ.

ಮೊದಲು ವಾಕ್ಯ. ಆದಿಕಾಂಡ 23. ಸಾರಳು ತೀರಿಹೋಗಿದ್ದಾಳೆ. ಹೆಣ ಇಡೋಕೆ ಅಬ್ರಹಾಮನಿಗೆ ಸ್ವಂತ ಜಾಗ ಇಲ್ಲ. ಎಫ್ರೋನನಿಗೆ 400 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಮಕ್ಪೇಲದ ಹೊಲ ಕೊಂಡುಕೊಳ್ತಾನೆ. ಈಗ 17ನೇ ವಚನ ಗಮನಿಸಿ. ಹೊಲ, ಅದರಲ್ಲಿದ್ದ ಗವಿ, ಇಷ್ಟು ಹೇಳಿದ್ರೆ ಸಾಕಾಗಿತ್ತು. ಆದರೆ ಆ ಹೊಲದ ಎಲ್ಲೆಯೊಳಗಿದ್ದ ಮರಗಳನ್ನೂ ಸೇರಿಸಿ ಹೇಳಿದೆ. ಊರಬಾಗಿಲಲ್ಲಿ, ಎಲ್ಲರ ಕಣ್ಣೆದುರು. ಯಾಕೆ? ನಾಳೆ ಎಫ್ರೋನ ಕೊಡಲಿ ಹಿಡ್ಕೊಂಡು ಬಂದು, "ಭೂಮಿ ಮಾರಿದ್ದೆ, ಮರ ಮಾರಿಲ್ಲ" ಅನ್ನಬಾರದು. ಆಮೆನ್? ದೇವರ ಪುಸ್ತಕದಲ್ಲಿ ಮರಕ್ಕೂ ಲೆಕ್ಕ ಇದೆ.

ನಮ್ಮ ದೇಶದ ಕಾನೂನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆ, 8ನೇ ಕಲಂ. ಬೇರೆ ಮಾತು ಆಗಿಲ್ಲದಿದ್ದರೆ, ಮನೆ ಮಾರಿದಾಗ ಬೀಗ, ಬೀಗದ ಕೈ, ಬಾಗಿಲು, ಕಿಟಕಿ, ಸರಳು, ಮನೆಯ ಜೊತೆ ಶಾಶ್ವತವಾಗಿ ಬಳಸೋಕೆ ಇಟ್ಟ ವಸ್ತುಗಳು ಎಲ್ಲವೂ ಕೊಂಡವರಿಗೆ ಹೋಗುತ್ತವೆ. ಮಂಚ, ಬೀರು, ಪಾತ್ರೆ ನಿಮ್ಮದು. ಮನೆಗೆ ಅಂಟಿಕೊಂಡಿದ್ದು ಮನೆಯದು. ಇದು ಗೊತ್ತಿಲ್ಲದೆ ನಾನು ತಪ್ಪು ಮಾಡಲಿಲ್ಲ. ಗೊತ್ತಿದ್ದೇ ಮಾಡಿದೆ.

ನಮ್ಮ ಮನೆ ಇದ್ದಿದ್ದು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅಪ್ಪ ಕಡಲೆಕಾಯಿ ಬೆಳೆದ ದುಡ್ಡಲ್ಲಿ ಕಟ್ಟಿದ್ದು. ಹಿತ್ತಲಲ್ಲಿ ಬೋರ್‌ವೆಲ್ ಇತ್ತು. ಅಮ್ಮ ಹೋದ ಮೇಲೆ ನಾನೂ ಸಿರಾದಲ್ಲಿರೋ ನಮ್ಮಣ್ಣನೂ ಮಾರೋಕೆ ಒಪ್ಪಿದ್ವಿ. ಪಾವಗಡದ ಕಡೆಯಿಂದ ಒಂದು ಕುಟುಂಬ ಬಂತು. ಅಲ್ಲಿ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಆಯ್ತಲ್ಲ, ಅದಕ್ಕೆ ಜಮೀನು ಗುತ್ತಿಗೆಗೆ ಕೊಟ್ಟವರು. ಬಾಡಿಗೆ ಬರುತ್ತೆ, ಹೊಲದ ಕೆಲಸ ಇಲ್ಲ. ಮಕ್ಕಳ ಓದಿಗೆ ಅಂತ ಮಧುಗಿರಿ ಕಡೆ ಮನೆ ಹುಡುಕ್ತಿದ್ರು.

ನಮ್ಮ ಸೀಮೆಯವರು ಮನೆ ನೋಡೋಕೆ ಬಂದರೆ ಗೋಡೆ ನೋಡಲ್ಲ, ಮೊದಲು ನೀರು ನೋಡ್ತಾರೆ. ನಾನೇ ಸ್ಟಾರ್ಟರ್ ಒತ್ತಿದೆ. ಪೈಪಲ್ಲಿ ನೀರು ದಬದಬ ಅಂತ ಬಿತ್ತು. ಅವರ ಅಜ್ಜಿ ಒಬ್ಬರು ಬೊಗಸೆ ಹಿಡಿದು ಕುಡಿದು ನೋಡಿದ್ರು. ಆ ನೀರಿನ ಮೇಲೆಯೇ ವ್ಯಾಪಾರ ಕುದುರಿತು. ಮುಂಗಡ ತಗೊಂಡ್ವಿ.

ಅಣ್ಣ ಆಮೇಲೆ ಹೇಳಿದ: "ಮೋಟಾರ್ ಹಾಕ್ಸಿ ಎರಡು ವರ್ಷ ಆಗಿಲ್ಲ. ಕಾಗದದಲ್ಲಿ ಮೋಟಾರ್ ಅಂತ ಬರೆದಿಲ್ವಲ್ಲ." ನಾನು ಬೇಡ ಅನ್ನಬೇಕಿತ್ತು. ನಾನು ಸೇವಕ, ಪ್ರತಿ ಭಾನುವಾರ ವೇದಿಕೆ ಮೇಲೆ ನಿಲ್ಲೋನು. "ಹೌದಲ್ಲ, ಬರೆದಿಲ್ಲ" ಅಂದೆ. ರಿಜಿಸ್ಟ್ರೇಷನ್‌ಗೆ ಎರಡು ದಿನ ಮುಂಚೆ ಮೋಟಾರು, ಪೈಪು, ಸ್ಟಾರ್ಟರ್ ಎತ್ತಿಸಿ ಪಕ್ಕದ ಊರಿನವರಿಗೆ ಮಾರಿದ್ವಿ.

ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಹೆಬ್ಬೆಟ್ಟು ಒತ್ತಿ, ಸಂಜೆ ಬೀಗದ ಕೈ ಕೊಡೋಕೆ ಹೋದೆ. ಹಾಲುಕ್ಕಿಸೋಕೆ ಅಜ್ಜಿ ಬಿಂದಿಗೆ ತಗೊಂಡು ನಲ್ಲಿ ತಿರುಗಿಸಿದ್ರು. ನೀರಿಲ್ಲ. ನನ್ನ ಕಡೆ ತಿರುಗಿ, "ಕರೆಂಟ್ ಹೋಗಿರಬೇಕು ಅಲ್ವಾ ಸ್ವಾಮಿ?" ಅಂದ್ರು.

ಪ್ರಿಯರೇ, ನಾನೇನು ಹೇಳಿದೆ ಗೊತ್ತಾ? "ಇರಬೋದು ಅಜ್ಜಿ" ಅಂದೆ. ಆ ಅಜ್ಜಿ ಮೊಮ್ಮಗನ ಕೈಗೆ ಬಿಂದಿಗೆ ಕೊಟ್ಟು ಪಕ್ಕದ ಮನೆಗೆ ಕಳಿಸಿದ್ರು. ನಾನು ಗಾಡಿ ಹತ್ತಿದೆ.

ಈಗ ಆದಿಕಾಂಡ 31. ರಾಹೇಲಳು ತವರುಮನೆ ಬಿಟ್ಟು ಬರುವಾಗ ಅಪ್ಪ ಲಾಬಾನನ ವಿಗ್ರಹಗಳನ್ನು ಕದ್ದು ತರ್ತಾಳೆ. ಯಾಕೋಬನಿಗೂ ಗೊತ್ತಿಲ್ಲ. ಲಾಬಾನ ಹುಡುಕ್ಕೊಂಡು ಬಂದಾಗ ಏನು ಮಾಡಿದಳು? ಒಂಟೆಯ ತಡಿಯೊಳಗೆ ಅಡಗಿಸಿ ಅದರ ಮೇಲೇ ಕೂತುಬಿಟ್ಟಳು. ಏಳೋಕಾಗಲ್ಲ ಅಂತ ಒಂದು ನೆಪ ಹೇಳಿದಳು. ಅಪ್ಪನ ಮುಂದೆ ಎದ್ದು ನಿಲ್ಲೋ ಸ್ವಾತಂತ್ರ್ಯನೇ ಹೋಯ್ತು! ಯಾವ ವಸ್ತುವಿನ ಮೇಲೆ ಕೂತು ಮುಚ್ಚಿಡಬೇಕಾಗುತ್ತೋ ಅದನ್ನು ತರಬೇಡಿ. ನೀವು ಅದನ್ನು ಹೊತ್ತು ತಂದಿದ್ದೀವಿ ಅಂದ್ಕೋತೀರಿ. ನಿಜವಾಗಿ ಅದು ನಿಮ್ಮನ್ನು ಕೂರಿಸಿಬಿಟ್ಟಿರುತ್ತೆ.

ನನಗೂ ಹಾಗೇ ಆಯ್ತು. ಮುಂದಿನ ಭಾನುವಾರ ಕರ್ತನ ಭೋಜನ. ರೊಟ್ಟಿ ಕೈಯಲ್ಲಿದೆ, ಬಾಯಿಂದ ಪ್ರಾರ್ಥನೆ ಬರ್ತಾ ಇಲ್ಲ. ಮತ್ತಾಯ 5ರಲ್ಲಿ ಯೇಸು ಏನು ಹೇಳಿದ್ದಾನೆ? ನಿನ್ನ ಮೇಲೆ ಸಹೋದರನಿಗೆ ಏನಾದರೂ ಇದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗು ಅಂತ. ಜಕ್ಕಾಯ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದ. ನನ್ನ ಕೈಯಲ್ಲಿ ಒಂದರಷ್ಟೂ ಇರಲಿಲ್ಲ. ನನ್ನ ಹೆಂಡತಿ ಚೀಟಿ ದುಡ್ಡು ತಂದು ಮುಂದಿಟ್ಟಳು. "ಹೊಸ ಸೋಫಾ ಆಮೇಲೆ ನೋಡೋಣ, ಹೋಗ್ಬನ್ನಿ" ಅಂದಳು. ಅಣ್ಣ ಬರಲಿಲ್ಲ. "ನಿನ್ನ ಪಾಲು ನೀನು ಕೊಟ್ಕೋ" ಅಂದ. ಇವತ್ತಿಗೂ ಆ ವಿಷಯ ಎತ್ತಿದ್ರೆ ಮುಖ ತಿರುಗಿಸ್ತಾನೆ. ಅವನಿಗೋಸ್ಕರ ಪ್ರಾರ್ಥನೆ ಮಾಡಿ.

ಹಳೇ ಮೋಟಾರು ಆಗಲೇ ಇನ್ನೊಬ್ಬರ ಬೋರ್‌ವೆಲ್‌ನಲ್ಲಿ ಇಳಿದಿತ್ತು. ಹೊಸದು ತಗೊಂಡು ಮೆಕ್ಯಾನಿಕ್ ಜೊತೆ ಹೋದೆ. ಬಾಗಿಲಲ್ಲೇ ನಿಂತು ಎಲ್ಲಾ ಹೇಳಿದೆ, ಕ್ಷಮಿಸಿ ಅಂತ ಕೇಳಿದೆ. ಅಜ್ಜಿ ಹೇಳಿದ್ರು: "ಅವತ್ತು ಕರೆಂಟ್ ಇತ್ತು ಸ್ವಾಮಿ. ಪಕ್ಕದ ಮನೇಲಿ ಮಿಕ್ಸಿ ತಿರುಗ್ತಾ ಇತ್ತು."

ಅವರಿಗೆ ಗೊತ್ತಿತ್ತು! ನಾನು ಮುಚ್ಚಿಟ್ಟಿದ್ದೀನಿ ಅಂದ್ಕೊಂಡಿದ್ದು ಅವರ ಕಣ್ಣ ಮುಂದೇ ಇತ್ತು. ನನ್ನ ಬಾಯಿಂದಲೇ ಬರಲಿ ಅಂತ ಒಂದು ಅವಕಾಶ ಕೊಟ್ಟಿದ್ರು. ಏದೆನ್ ತೋಟದಲ್ಲಿ ದೇವರು ಆದಾಮನನ್ನು ಎಲ್ಲಿದ್ದೀ ಅಂತ ಕೇಳಿದ್ದು ಗೊತ್ತಿಲ್ಲದೆ ಅಲ್ಲ. ಹಲ್ಲೆಲೂಯಾ. ಯೇಸುವನ್ನು ಇನ್ನೂ ತಿಳಿಯದ ಒಬ್ಬ ಅಜ್ಜಿಯಿಂದ ನನ್ನ ದೇವರು ನನಗೆ ಪಾಠ ಹೇಳಿಸಿದ.

ಅದಕ್ಕೇ ಯೌವನಸ್ಥರೇ, ನಾಲ್ಕು ಮಾತು ಬರ್ಕೊಳ್ಳಿ.

ಒಂದು, ಮನೆ ತೋರಿಸೋಕೆ ಮುಂಚೆ ತೀರ್ಮಾನ ಮಾಡಿ. ಬೇಕಾದ್ದನ್ನು ಮೊದಲೇ ಬಿಚ್ಚಿ ಇಟ್ಕೊಳ್ಳಿ. ಅಪ್ಪನ ಗೋಡೆ ಗಡಿಯಾರ ಬೇಕಾ, ತಗೊಳ್ಳಿ. ತೋರಿಸಿ ಬೆಲೆ ಹೇಳಿದ ಮೇಲೆ ಬಿಚ್ಚಬೇಡಿ.

ಎರಡು, ಬರೀರಿ. ಫ್ಯಾನು, ಗೀಸರು, ಯುಪಿಎಸ್, ಸಿಂಟೆಕ್ಸ್ ಟ್ಯಾಂಕು, ಮೋಟಾರು, ಗೇಟು, ಯಾವುದು ಉಳಿಯುತ್ತೆ, ಯಾವುದು ಹೋಗುತ್ತೆ ಅಂತ ಅಗ್ರಿಮೆಂಟಲ್ಲೇ ಪಟ್ಟಿ ಹಾಕಿಸಿ. ಅಬ್ರಹಾಮ ಮರ ಎಣಿಸಿದ್ದು ಅಪನಂಬಿಕೆಯಿಂದ ಅಲ್ಲ, ಸಮಾಧಾನಕ್ಕೆ. "ಬರೆದಿಲ್ವಲ್ಲ" ಅನ್ನೋ ಸೈತಾನನ ಮಾತಿಗೆ ಜಾಗ ಕೊಡಬೇಡಿ.

ಮೂರು, ಅಣ್ಣತಮ್ಮ ಅಕ್ಕತಂಗಿಯರು ಮೊದಲು ಕೂತು ಮಾತಾಡಿ. ಅಮ್ಮನ ಹಿತ್ತಾಳೆ ಪಾತ್ರೆಗೆ ವರ್ಷಗಟ್ಟಲೆ ಮಾತು ಬಿಟ್ಟ ಮನೆಗಳು ನನಗೆ ಗೊತ್ತು. ಪಾತ್ರೆ ಅಟ್ಟದ ಮೇಲೆ ಕಿಲುಬು ಹಿಡೀತಿರುತ್ತೆ, ಇಬ್ಬರೂ ಸಭೆಗೆ ಬರ್ತಿರ್ತಾರೆ.

ನಾಲ್ಕು, ಒಂದಿಷ್ಟು ಹೆಚ್ಚಾಗಿ ಬಿಟ್ಟು ಬನ್ನಿ. ಬೆಸ್ಕಾಂ ಬಿಲ್ ಕಟ್ಟಿ ರಸೀತಿ ಕೊಡಿ. ಎಷ್ಟು ಅಡಿಗೆ ನೀರು ಸಿಕ್ಕಿತ್ತು, ಮಳೆಗಾಲದಲ್ಲಿ ಯಾವ ಮೂಲೆ ಸೋರುತ್ತೆ, ಯಾವ ಮೆಕ್ಯಾನಿಕ್ ಕರೆದ ತಕ್ಷಣ ಬರ್ತಾನೆ, ಹೇಳಿ ಬನ್ನಿ. ಬೆಂಗಳೂರಲ್ಲಿ ಬಾಡಿಗೆ ಮನೆ ಖಾಲಿ ಮಾಡುವಾಗಲೂ ಅಷ್ಟೇ. ಓನರ್ ಹಾಕಿದ ಬಲ್ಬು ಬಿಚ್ಕೊಂಡು ಬರೋ ಕೈ ಆರಾಧನೆಯಲ್ಲಿ ಹೇಗೆ ಮೇಲೆ ಏಳುತ್ತೆ?

ಕೊನೇದಾಗಿ ಆದಿಕಾಂಡ 45. ಫರೋಹ ಯೋಸೇಫನ ಮನೆಯವರಿಗೆ ಬಂಡಿ ಕಳಿಸಿ, ನಿಮ್ಮ ಸಾಮಾನಿಗಾಗಿ ಚಿಂತಿಸಬೇಡಿ, ಐಗುಪ್ತದ ಶ್ರೇಷ್ಠವಾದದ್ದು ನಿಮ್ಮದೇ ಅಂತಾನೆ. ಯಾಕೋಬ ದನಕರು, ಗಳಿಸಿದ್ದು ತಗೊಂಡೇ ಹೋದ. ಆದ್ದರಿಂದ ತಗೊಂಡು ಹೋಗೋದು ಪಾಪ ಅಲ್ಲ. ಆದರೆ ಮುಂದೆ ಮಗ ಕಾಯ್ತಿದ್ದಾನೆ ಅಂತ ಗೊತ್ತಿರೋನು ಹಿಂದಿನ ಮನೆಯ ಮೊಳೆ ಕೀಳ್ತಾ ಕೂರಲ್ಲ. ನಮಗೂ ಮುಂದೆ ಒಬ್ಬ ಮಗ ಕಾಯ್ತಿದ್ದಾನೆ. ದೇವಕುಮಾರ! ಆಮೆನ್.

ಅಡುಗೆಮನೆ ನೆಲದಲ್ಲಿ ಹೂತಿದ್ದ ಅಮ್ಮನ ಒರಳುಕಲ್ಲನ್ನೂ ಕಿತ್ತು ತರೋಕೆ ನನಗೆ ಮನಸ್ಸಿತ್ತು. ಮೋಟಾರ್ ಇಳಿಸಿದ ದಿನ ನೋಡಿದ್ರೆ ಅಜ್ಜಿ ಅದರಲ್ಲಿ ಚಟ್ನಿ ರುಬ್ತಿದ್ರು. ಅಮ್ಮ ಕೂತಿದ್ದ ಜಾಗದಲ್ಲೇ. ಬಿಟ್ಟಿದ್ದು ಒಳ್ಳೇದಾಯ್ತು ಅನ್ನಿಸ್ತು.

ಎಲ್ಲರೂ ಎದ್ದು ನಿಲ್ಲೋಣ, ಕಣ್ಣು ಮುಚ್ಚಿ. ವಾಪಸ್ ಕೊಡಬೇಕಾದ್ದು ಏನಾದರೂ ನಿಮ್ಮ ಹತ್ತಿರ ಇದ್ರೆ, ಪವಿತ್ರಾತ್ಮನು ಈಗಲೇ ಅದರ ಹೆಸರು ಹೇಳ್ತಾನೆ. ಫ್ಯಾನ್ ಇರಬೋದು, ಅಡ್ವಾನ್ಸ್ ಇರಬೋದು, ತಂಗಿಯ ಪಾಲಿರಬೋದು. ಈ ವಾರವೇ ಫೋನ್ ಮಾಡಿ. "ಅವತ್ತು ಕರೆಂಟ್ ಇತ್ತು" ಅಂತ ನೀವೇ ಮೊದಲು ಹೇಳಿಬಿಡಿ.

ಪರಲೋಕದ ತಂದೆಯೇ, ಮುಚ್ಚಿಟ್ಟದ್ದರ ಮೇಲೆ ಕೂತಿರುವ ನಿನ್ನ ಮಕ್ಕಳನ್ನು ಎಬ್ಬಿಸು. ಬಿಟ್ಟುಕೊಡುವ ಬಲ ಕೊಡು, ಹಿಂದೆ ತಿರುಗಿ ನೋಡದ ಕಾಲು ಕೊಡು. ನಮ್ಮ ಕೈ ಬಿಟ್ಟ ಮನೆಯಲ್ಲಿ ವಾಸಿಸುವವರಿಗೆ ನೀರನ್ನೂ ಸಮಾಧಾನವನ್ನೂ ಕೊಡು, ಜೀವಜಲವಾದ ನಿನ್ನನ್ನೂ ಅವರು ಕಂಡುಕೊಳ್ಳಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.